ಹೊಂಡಕ್ಕೆ ಬೇಲಿ, ಬೇಲಿಗೆ ಬಾಗಿಲು

ಮನೆಯ ಈಜುಕೊಳಕ್ಕೆ ಬೇಲಿ ಹಾಕಬೇಕೆಂದರೆ ನಮ್ಮ ದೇವರ ಹಿಪ್ಪರಗಿ, ಸಿಂದಗಿ, ಇಂಡಿ ಕಡೆಯ ಓದುಗರು ನಕ್ಕಾರು. ಇಲ್ಲಿ ಈಜುಕೊಳ ಯಾರ ಮನೆಯಲ್ಲಿದೆ? ಆದರೆ ತೋಟದ ವಸ್ತಿಯ ಮಗ್ಗುಲಲ್ಲೇ ಕೃಷಿ ಹೊಂಡ ಇರುವ ಮನೆಗಳನ್ನು ಎಣಿಸಿ ನೋಡಿ. ಸಣ್ಣ ಮಕ್ಕಳ ಮಟ್ಟಿಗೆ ಎರಡೂ ಒಂದೇ. ಹೊಂಡವೇ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ಹೊಂಡಗಳ ಆಳ ಸಾಮಾನ್ಯವಾಗಿ 3 ಮೀಟರ್, ಅಂದರೆ ಸುಮಾರು ಹತ್ತು ಅಡಿ. ಮೆಟ್ಟಿಲಿಲ್ಲ, ಹಿಡಿಯಲು ಆಸರೆಯಿಲ್ಲ. ನೀರು ಇಂಗದಿರಲೆಂದು ಹಾಸಿದ ಪ್ಲಾಸ್ಟಿಕ್ ಹಾಳೆಗೆ ಪಾಚಿ ಕಟ್ಟಿದರೆ ಇಳಿಜಾರಿನಲ್ಲಿ ಕಾಲು ನಿಲ್ಲದು. ಈಜು ಬಲ್ಲವರಿಗೂ ಮೇಲೇರುವುದು ಕಷ್ಟ. ಮಗುವನ್ನು ಎತ್ತಲು ಹಾರಿದವರೂ ಮುಳುಗುವುದು ಇದರಿಂದಲೇ.

"ನಾವು ನೋಡ್ತಿರ್ತೀವ್ರಿ ಡಾಕ್ಟರ್ರ" ಎನ್ನುತ್ತಾರೆ ತಾಯಂದಿರು. ನೋಡಿಕೊಳ್ಳಬೇಕು, ನಿಜ. ಆದರೆ ಎಳೆಯ ಮಗು ಮುಳುಗುವಾಗ ಸಾಮಾನ್ಯವಾಗಿ ಕೂಗುವುದಿಲ್ಲ. ಅದರ ತಲೆ ಭಾರ, ಬಗ್ಗಿದೊಡನೆ ಮುಗ್ಗರಿಸುತ್ತದೆ. ಉಸಿರು ನಿಂತು ನಾಲ್ಕೈದು ನಿಮಿಷವಾದರೆ ಮೆದುಳಿಗೆ ಪೆಟ್ಟು ಬೀಳತೊಡಗುತ್ತದೆ. ನಾಲ್ಕು ರೊಟ್ಟಿ ಬಡಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಆಸ್ಟ್ರೇಲಿಯಾದಲ್ಲಿ ಮನೆಯ ಕೊಳಕ್ಕೂ ಬೇಲಿ ಕಡ್ಡಾಯ. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಇದಕ್ಕೆಂದೇ 1992ರ ಕಾಯಿದೆಯಿದೆ. ಬೇಲಿ ಕನಿಷ್ಠ 1.2 ಮೀಟರ್ ಎತ್ತರವಿರಬೇಕು, ಅಡಿಯಲ್ಲಿ ಮಗು ನುಸುಳುವಷ್ಟು ಸಂದಿರಬಾರದು, ಬಾಗಿಲು ಹೊರಕ್ಕೆ ತೆರೆದು ತಾನಾಗಿಯೇ ಮುಚ್ಚಿ ಚಿಲಕ ಬೀಳಬೇಕು. ಮೂರು ಕಡೆಯ ಬೇಲಿಗಿಂತ, ಮನೆಯ ಕಡೆಯೂ ಸೇರಿ ನಾಲ್ಕೂ ಕಡೆ ಇರುವ ಬೇಲಿಯೇ ಮಕ್ಕಳನ್ನು ಹೆಚ್ಚು ಉಳಿಸುತ್ತದೆಂದು ಅಧ್ಯಯನಗಳು ತೋರಿಸಿವೆ. ನಮ್ಮಲ್ಲಿ ತಪ್ಪುವುದು ಇಲ್ಲಿಯೇ. ನಾವು ಬೇಲಿ ಹಾಕುವುದು ದನಕರು ಬಾರದಿರಲೆಂದು. ಹೀಗಾಗಿ ವಸ್ತಿಯ ಕಡೆ ಬಯಲು! ಮಗು ಬರುವುದೇ ಆ ಕಡೆಯಿಂದ. ಎರಡೆಳೆ ಮುಳ್ಳುತಂತಿಯೂ ಸಾಲದು, ಮಗು ಕೆಳಗಿಂದ ತೂರುತ್ತದೆ. ಒತ್ತಾದ ಜಾಲರಿಯೇ ಬೇಕು.

2023-24ರಲ್ಲಿ ಮತ್ತೆ ಜಾರಿಗೆ ಬಂದ ಕೃಷಿ ಭಾಗ್ಯದಲ್ಲಿ ಹೊಂಡದ ತಂತಿ ಬೇಲಿಗೂ ಸಹಾಯಧನವಿದೆ. ಒಳ್ಳೆಯದೇ. ಆದರೆ ಹಿಂದೆ ತೋಡಿದ ಹೊಂಡಗಳಿಗೆ, ದ್ರಾಕ್ಷಿ-ನಿಂಬೆಗೆಂದು ಸ್ವಂತ ಖರ್ಚಿನಲ್ಲಿ ತೋಡಿಸಿದವಕ್ಕೆ ಯಾರು ಬೇಲಿ ಹಾಕಿಸುವವರು? ಹೊಸತಿರಲಿ ಹಳೆಯದಿರಲಿ, ಬೇಲಿಯಿಲ್ಲದ ಹೊಂಡಕ್ಕೆ ನೀರು ತುಂಬಿಸಕೂಡದೆಂಬ ನಿಯಮ ಬೇಕು, ಅದನ್ನು ಗ್ರಾಮ ಪಂಚಾಯಿತಿಯೇ ನೋಡಿಕೊಳ್ಳಬೇಕು.

ಬೇಲಿಯಾಗುವವರೆಗೆ ಗಂಟು ಹಾಕಿದ ದಪ್ಪ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿನೊಳಗೆ ಇಳಿಬಿಡಿ. ಗಾಳಿ ತುಂಬಿದ ಹಳೆಯ ಟ್ಯೂಬೊಂದು ದಂಡೆಯ ಮೇಲಿರಲಿ. ಮುಳುಗಿದ ಮಗುವನ್ನು ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಅಮುಕುವುದು ಬೇಡ. 2022ರಲ್ಲಿ ಬಳ್ಳಾರಿ ಬಳಿಯ ಸಿರವಾರದಲ್ಲಿ ಮೊಬೈಲಿನ ಸುದ್ದಿ ನಂಬಿ, ಮುಳುಗಿ ಸತ್ತ ಹುಡುಗನನ್ನು ಗಂಟೆಗಟ್ಟಲೆ ಉಪ್ಪಿನಲ್ಲಿ ಹುದುಗಿಸಿಟ್ಟಿದ್ದರು. ಉಪ್ಪಿಗೆ ಆ ಗುಣವಿಲ್ಲ. ಉಸಿರಿಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಉಸಿರೂದಿ, ಎದೆಯ ನಡುವೆ ಒತ್ತುತ್ತಿರಿ, ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಮಗು ಚೇತರಿಸಿಕೊಂಡರೂ ಅಂದೇ ಆಸ್ಪತ್ರೆಗೆ ತನ್ನಿ. ಶ್ವಾಸಕೋಶದ ತೊಂದರೆ ಕೆಲವು ತಾಸುಗಳ ನಂತರ ಉಲ್ಬಣಿಸುವುದುಂಟು.