ಉಸಲಿಗೆ ಇಂಗ್ಲಿಷ್ ಅಂಗಿಯೇಕೆ?

ಪುಷ್ಯದ ಚಳಿಯಲ್ಲಿ, ಬೆಂಗಳೂರಿನ ಹೋಟೆಲೊಂದರಲ್ಲಿ, ‘ವಾರ್ಮ್ ಬೀನ್ ಸಲಾಡ್’ ಎಂಬ ಹೆಸರಿನಿಂದ ನನ್ನೆದುರು ಬಂದದ್ದು ಅವರೆಕಾಳಿನ ಉಸಲಿ! ಸಾಸಿವೆ, ಇಂಗು, ಕರಿಬೇವು ಎಲ್ಲವೂ ಇದ್ದುವು, ಹೆಸರೊಂದೇ ಇರಲಿಲ್ಲ.

ತಪ್ಪೇನು ಎನ್ನುವ ಮಿತ್ರರಿದ್ದಾರೆ. ಕೋಸಂಬರಿ ಬೇಸಗೆಗೆ, ಉಸಲಿ ಚಳಿಗೆ ಎಂಬ ವಿವೇಕ ‘ಸಲಾಡ್’ ಎಂಬ ಒಂದೇ ಮಾತಿನಲ್ಲಿ ಉಳಿದೀತೆ, ಸ್ವಾಮಿ? ರಾಮನವಮಿಯ ಬಿಸಿಲಿಗೆ ನೆನೆದ ಹೆಸರುಬೇಳೆ, ಸೌತೆಕಾಯಿ ಸರಿ. ಇಬ್ಬನಿಯ ದಿನಗಳಲ್ಲಿ ಸೊಗಡೇರಿದ ಅವರೆಯಾದರೋ ಬೇಯಬೇಕು, ಒಗ್ಗರಣೆ ಕಾಣಬೇಕು, ಕಾಯಿತುರಿಯೊಡನೆ ಬಿಸಿಯಾಗಿಯೇ ಎಲೆಗೆ ಬೀಳಬೇಕು. (ನಿಂಬೆರಸ ಒಲೆಯಿಂದ ಇಳಿಸಿದ ಮೇಲೆ, ಮರೆತರೆ ಕಹಿ.) ಈಗ ಮಾಘದ ಮದುವೆಮನೆಯಲ್ಲೂ ಫ್ರಿಜ್ಜಿನಿಂದ ತೆಗೆದ ಸೌತೆಯ ಚೂರುಗಳೇ!

ಮಾಣಿಯನ್ನು ಕರೆದು, “ಇದೇನಪ್ಪಾ?” ಎಂದೆ.

“ನಮ್ಮಮ್ಮ ಉಸಲಿ ಅಂತಾರೆ, ಸಾರ್” ಎಂದು ಪಿಸುಗುಟ್ಟಿದ.

ಪಿಸುಗುಟ್ಟಬೇಕೆ?