ಆಕಾಶದಿಂದ ಕಂಡ ಮೇಕೆದಾಟು

ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿಯ ಕಡೆಯವರಿಗೆ ಸಂಗಮ, ಮೇಕೆದಾಟುಗಳ ಪರಿಚಯ ಹೇಳಬೇಕಿಲ್ಲ. ಅರ್ಕಾವತಿಯನ್ನು ಕೂಡಿಕೊಂಡ ಕಾವೇರಿಯು ಬಂಡೆಗಳ ಇಕ್ಕಟ್ಟಿನಲ್ಲಿ ನುಗ್ಗುವ ಆ ಕಣಿವೆಯಲ್ಲಿ 67 ಟಿ.ಎಂ.ಸಿ. ನೀರು ಹಿಡಿಯುವ ಅಣೆಕಟ್ಟು ಕಟ್ಟಬೇಕೆಂಬುದು ರಾಜ್ಯ ಸರ್ಕಾರದ ಯೋಜನೆ. ಬೆಂಗಳೂರಿಗೆ 4.75 ಟಿ.ಎಂ.ಸಿ. ಕುಡಿಯುವ ನೀರು, 400 ಮೆಗಾವಾಟ್ ವಿದ್ಯುತ್ತು ಅದರ ಉದ್ದೇಶ. 2025ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತಮಿಳುನಾಡಿನ ಆಕ್ಷೇಪವನ್ನು ಅಕಾಲಿಕವೆಂದು ಬದಿಗಿಟ್ಟು ಯೋಜನಾ ವರದಿಯ ಪರಿಶೀಲನೆಯನ್ನು ತಜ್ಞ ಸಂಸ್ಥೆಗಳಿಗೆ ಬಿಟ್ಟಿತು. ಎರಡೂ ರಾಜ್ಯಗಳ ವಾದವೆಲ್ಲ ನೀರಿನ ಕುರಿತೇ. ಮುಳುಗಲಿರುವ ಸುಮಾರು 5,000 ಹೆಕ್ಟೇರಿನಲ್ಲಿ ಬಹುಪಾಲು ಅರಣ್ಯವೆಂಬುದೂ, ಅದರಲ್ಲಿ ಹೆಚ್ಚಿನದು 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮದ್ದೆಂಬುದೂ ಮಾತಿಗೆ ಬರುತ್ತಿರುವುದು ವಿರಳ.

ಇಂತಹ ಎಡೆಗಳಲ್ಲಿ ಜೀವಿಗಳನ್ನು ಎಣಿಸುವುದು ಹೇಗೆ? ಬಂದರುಗಳೂ ಅನಿಲ ಸ್ಥಾವರಗಳೂ ಎದ್ದ ಆಸ್ಟ್ರೇಲಿಯದ ಕರಾವಳಿಯಲ್ಲಿ ಕಡಲಹಸುಗಳನ್ನು ವಿಮಾನದಿಂದ ಎಣಿಸುವ ಪದ್ಧತಿ ದಶಕಗಳಿಂದಲೂ ಇದೆ. ಸಣ್ಣ ವಿಮಾನವು ನಿಗದಿತ ಎತ್ತರದಲ್ಲಿ ನೇರ ಗೆರೆಗಳಲ್ಲಿ ಸಾಗುತ್ತದೆ. ಎರಡೂ ಬದಿಯ ವೀಕ್ಷಕರು ಕಂಡದ್ದನ್ನು ದಾಖಲಿಸುತ್ತಾರೆ. ನೀರಿನಡಿ ಇದ್ದವು, ಕಣ್ತಪ್ಪಿದವು ಎಷ್ಟಿರಬಹುದೆಂದು ಬೇರೆ ಲೆಕ್ಕ ಹಾಕಿ ಸಂಖ್ಯೆಯನ್ನು ತಿದ್ದುತ್ತಾರೆ. ಕಂಡಷ್ಟೇ ಇರುವುದೆಂದು ಅಲ್ಲಿ ಯಾರೂ ಬರೆಯುವುದಿಲ್ಲ.

ಮೇಕೆದಾಟುವಿನ ಮೇಲೆ ಡ್ರೋನ್ ಹಾರಿಸಿದರೆ ಮುಳುಗಡೆಯ ಗೆರೆ ಸಿಕ್ಕೀತು, ಬೇಸಿಗೆಯಲ್ಲಿ ಹೊಳೆಗಿಳಿದ ಆನೆಗಳೂ ಕಂಡಾವು. ಆದರೆ ಹೊಳೆಮತ್ತಿಯ ಕೊಂಬೆಗಳೊಳಗಿನ ಬೂದು ಬಣ್ಣದ ದೈತ್ಯ ಅಳಿಲು, ಬಂಡೆಸಂದಿನ ನೀರುನಾಯಿ, 2018ರಲ್ಲಿ ಅಳಿವಿನ ತೀರ ಅಂಚಿನಲ್ಲಿದೆಯೆಂದು ಜಾಗತಿಕ ಕೆಂಪುಪಟ್ಟಿಗೆ ಸೇರಿದ ಗೂನುಬೆನ್ನಿನ ಮಹಶೀರ್ ಮೀನು ಮೇಲಿನಿಂದ ಕಾಣುವಂಥವಲ್ಲ. (ನೋಹನಾದರೂ ಒಂದೊಂದನ್ನೂ ಹತ್ತಿರದಿಂದ ಕಂಡೇ ನಾವೆಗೆ ಹತ್ತಿಸಿದ್ದನು!) ಮಹಶೀರಿಗೆ ನೀರು ಹೆಚ್ಚಾಗುವುದು ಕಂಟಕವಲ್ಲ, ಹರಿವು ನಿಲ್ಲುವುದು ಕಂಟಕ. 2023ರ ಗಣತಿಯಲ್ಲಿ ಕರ್ನಾಟಕದ 6,395 ಆನೆಗಳ ಲೆಕ್ಕ ಸಿಕ್ಕಿದ್ದು ಸಿಬ್ಬಂದಿ ಕಾಡಿನಲ್ಲಿ ನಡೆದು, ಲದ್ದಿ ನೋಡಿ, ನೀರುಗುಂಡಿಗಳ ಬಳಿ ಕಾದು.

ಇದು ಕಾಡಿನ ಮಾತಷ್ಟೇ ಅಲ್ಲ. ಆನೆ ಮುಳುಗುವುದಿಲ್ಲ, ಅದರ ದಾರಿ ಮುಳುಗುತ್ತದೆ. ದಾರಿ ತಪ್ಪಿದ ಹಿಂಡು ಇಳಿಯುವುದು ರಾಗಿಯ ಹೊಲಕ್ಕೆ. ಸನಿಹದ ಹಾರೋಬೆಲೆಯ ಕಥೋಲಿಕ ಕುಟುಂಬಗಳು ಅರ್ಕಾವತಿಯ ಅಣೆಕಟ್ಟನ್ನು ಊರಿನ ಪಕ್ಕದಲ್ಲೇ ಕಂಡವರು. ನೀರು ಬೇಕೆಂಬ ಬೆಂಗಳೂರಿನ ಅಗತ್ಯವನ್ನೂ ಅವರು ಅಲ್ಲಗಳೆಯಲಾರರು.

ದಿವಂಗತ ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೋ ಸಿ’ ವಿಶ್ವಪರಿಪತ್ರದ 35ನೆಯ ಪರಿಚ್ಛೇದದಲ್ಲಿ ಹೇಳಿದ್ದೂ ಇದನ್ನೇ: ಮಣ್ಣು, ನೀರು, ಗಾಳಿಗಳ ಮೇಲಿನ ಪರಿಣಾಮವನ್ನು ನೋಡುವಷ್ಟು ಜೀವಿಗಳ ನಷ್ಟವನ್ನು ನಾವು ಎಚ್ಚರದಿಂದ ನೋಡುವುದಿಲ್ಲ. 2006ರ ಪರಿಸರ ಅಧಿಸೂಚನೆಯಂತೆ ಸಾರ್ವಜನಿಕ ಅಹವಾಲಿಗೆ ಮುನ್ನ ವರದಿಯ ಸಾರಾಂಶವು ಕನ್ನಡದಲ್ಲಿ ಜನರ ಕೈಸೇರಬೇಕು. ಅದು ಬಂದ ದಿನ ಧರ್ಮಕೇಂದ್ರದ ಹಿರಿಯರು ಮೊದಲು ನೋಡಬೇಕಾದ ಪುಟವೊಂದಿದೆ: ಸಮೀಕ್ಷೆ ಯಾವ ತಿಂಗಳುಗಳಲ್ಲಿ ನಡೆಯಿತು, ಕಾಲ್ನಡಿಗೆಯಲ್ಲಿ ಎಷ್ಟು ದಿನ ಸುತ್ತಿದರು, ಕಾಣದ ಜೀವಿಗಳಿಗೆ ಯಾವ ಲೆಕ್ಕ ಹಿಡಿದರು ಎಂಬ ಪುಟ.