ಮೊಳಕೆಯ ಬೆಲೆ

ಕೊಳ್ಳುವವನು ತಕ್ಕಡಿಯನ್ನು ನೋಡುತ್ತಾನೆ. ತಕ್ಕಡಿಯಾದರೋ ತೂಕವನ್ನಲ್ಲದೆ ಬೇರೇನನ್ನೂ ಹೇಳಲಾರದು. ಕೊಂಡ ಪದಾರ್ಥದಿಂದ ತನಗೆ ದೊರೆಯುವ ಪ್ರಯೋಜನವೆಷ್ಟು ಎಂಬುದನ್ನು ತಿಳಿಯಬೇಕಾದರೆ ಬೇರೊಂದು ಅಳತೆಯೇ ಬೇಕು. ಈ ಮಾತು ಹಾಲಿಗೂ ಸೌದೆಗೂ ಸಲ್ಲುವಂತೆಯೇ ಮೊಳೆತ ಧಾನ್ಯಕ್ಕೂ ಸಲ್ಲುತ್ತದೆ ಎಂಬುದನ್ನು ಈಚೆಗೆ ನಾನು ಒಂದು ಪತ್ರದ ನೆಪದಿಂದ ಕಲಿತೆನು.

ಪತ್ರ ಬರೆದವನು ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿ. ಬಿಡುವಿನ ವೇಳೆಯಲ್ಲಿ ತನ್ನ ಮನೆಯಲ್ಲಿಯೇ ಬೀರು ತಯಾರಿಸುವ ಹವ್ಯಾಸ ಅವನಿಗೆ ಅಂಟಿಕೊಂಡಿದೆ. ಒಂದು ಸಲಕ್ಕೆ 19 ಲೀಟರು. ಅದಕ್ಕೆ ಬೇಕಾದ ಮಾಲ್ಟು, ಎಂದರೆ ಮೊಳೆಯಿಸಿ ಒಣಗಿಸಿದ ಬಾರ್ಲಿ, ಸುಮಾರು ನಾಲ್ಕೂವರೆ ಕಿಲೋಗ್ರಾಂ. ಅವನ ದೂರು ಇಷ್ಟು: "ಸಾರ್, ದನದ ಮೇವಿನ ಅಂಗಡಿಯಲ್ಲಿ ಬಾರ್ಲಿ ಅಗ್ಗವಾಗಿ ದೊರೆಯುತ್ತದೆ. ಅದೇ ಬಾರ್ಲಿ ಮೊಳೆತು ಒಣಗಿ ಚೀಲ ಸೇರಿತೆಂದರೆ ಬೆಲೆ ಹಲವು ಮಡಿಯಾಗುತ್ತದೆ. ಮೊಳಕೆ ಬರಿಸುವುದೇನು ಬ್ರಹ್ಮವಿದ್ಯೆಯೆ? ನಮ್ಮಜ್ಜಿ ರಾಗಿಯನ್ನು ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸುತ್ತಿದ್ದರು. ನಾನೂ ಮನೆಯ ವಿದ್ಯುತ್ ಒಲೆಯಲ್ಲಿ ಒಣಗಿಸಿಕೊಳ್ಳಬಾರದೇಕೆ? ಲೆಕ್ಕ ಹಾಕಿ ಹೇಳಿ."

ಬೀರು ಕುಡಿಯುವ ಅಭ್ಯಾಸ ನನಗಿಲ್ಲ. ಅದನ್ನು ಹೊಗಳುವುದು ಈ ಲೇಖನದ ಉದ್ದೇಶವೂ ಅಲ್ಲ. ಬ್ರಿಟನ್ನಿನಲ್ಲಿ ಮನೆಬಳಕೆಗೆ ಬೀರು ತಯಾರಿಸಲು ಬೇಕಾಗಿದ್ದ ಪರವಾನಗಿಯನ್ನು 1963ರಲ್ಲಿ ತೆಗೆದುಹಾಕಿದರು. ಅಮೆರಿಕದಲ್ಲಿ 1978ರ ಶಾಸನವೊಂದು ಈ ಹವ್ಯಾಸಕ್ಕೆ ದಾರಿ ಮಾಡಿಕೊಟ್ಟಿತು. ನಮ್ಮ ಕರ್ನಾಟಕದಲ್ಲಾದರೋ 1965ರ ಅಬಕಾರಿ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಆದರೆ ವಿದ್ಯಾರ್ಥಿ ಕೇಳಿದ ಪ್ರಶ್ನೆ ಮದ್ಯದ್ದಲ್ಲ, ಶಾಖದ್ದು. ಶಾಖದ ಪ್ರಶ್ನೆಗೆ ಉತ್ತರ ಕೊಡದಿರುವುದು ಭೌತಶಾಸ್ತ್ರದ ಅಧ್ಯಾಪಕನಿಗೆ ತಕ್ಕುದಲ್ಲ.

ಮೊದಲು, ಮಾಲ್ಟನ್ನು ಕೊಳ್ಳುವವನು ನಿಜವಾಗಿ ಕೊಳ್ಳುವುದೇನೆಂಬುದನ್ನು ನೋಡೋಣ. ಕಾಳಿನೊಳಗೆ ಪಿಷ್ಟವಿದೆ. ಬೀರಿನ ಯೀಸ್ಟು ಪಿಷ್ಟವನ್ನು ತಿನ್ನಲಾರದು. ಅದಕ್ಕೆ ಸಕ್ಕರೆ ಬೇಕು. ಕಾಳು ನೀರು ಕುಡಿದು ಮೊಳೆಯತೊಡಗಿದಾಗ, ಎಳೆಯ ಸಸಿಗೆ ಉಣಿಸುವುದಕ್ಕಾಗಿ ತನ್ನ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಬಲ್ಲ ಕಿಣ್ವಗಳನ್ನು ಸಿದ್ಧಪಡಿಸಿಕೊಳ್ಳುತ್ತದೆ. ಕಿಣ್ವಗಳು ಹುಟ್ಟಿದ ಮೇಲೆ, ಅವು ಪಿಷ್ಟವನ್ನು ತಿಂದು ಮುಗಿಸುವ ಮೊದಲೇ ಕಾಳನ್ನು ಒಣಗಿಸಿ ನಿಲ್ಲಿಸಿಬಿಡಬೇಕು. ಈ ನಿಲ್ಲಿಸುವ ವಿದ್ಯೆಯೇ ಮಾಲ್ಟು ತಯಾರಿಕೆ. ಆದುದರಿಂದ ಗ್ರಾಹಕನು ಹಣ ಕೊಡುವುದು ಬರಿಯ ಧಾನ್ಯಕ್ಕಲ್ಲ. ಕೆಡದೆ ಉಳಿದ ಕಿಣ್ವಕ್ಕೆ, ಮತ್ತು ಆ ಕಾಳಿನಿಂದ ಹೊರಹಾಕಿದ ನೀರಿಗೆ.

ಆ ನೀರು ಎಷ್ಟು? 100 ಕಿಲೋಗ್ರಾಂ ಬಾರ್ಲಿಯಲ್ಲಿ ಸುಮಾರು 12 ಕಿಲೋಗ್ರಾಂ ತೇವವೂ 88 ಕಿಲೋಗ್ರಾಂ ಒಣ ಪದಾರ್ಥವೂ ಇರುತ್ತವೆಯೆನ್ನೋಣ. ಮೊಳೆಯುವಾಗ ಕಾಳು ಉಸಿರಾಡುತ್ತದೆ. ಒಣಗಿದ ಮೇಲೆ ಬೇರುಗಳನ್ನು ಉದುರಿಸಬೇಕಾಗುತ್ತದೆ. ಹೀಗೆ ಸುಮಾರು 8 ಕಿಲೋಗ್ರಾಂ ನಷ್ಟವಾಗಿ 80 ಉಳಿಯುತ್ತದೆ. ನೆನೆದ ಕಾಳಿನ ತೇವ ನೂರಕ್ಕೆ 44ರಷ್ಟಿದ್ದರೆ ಹಸಿ ಮಾಲ್ಟಿನ ತೂಕ 143 ಕಿಲೋಗ್ರಾಂ ಆಗುತ್ತದೆ. ಒಣಗಿದ ಮಾಲ್ಟಿನಲ್ಲಿ ತೇವವು ನೂರಕ್ಕೆ 5ಕ್ಕಿಂತ ಹೆಚ್ಚಿರಬಾರದಾದ್ದರಿಂದ ಅದರ ತೂಕ 84 ಕಿಲೋಗ್ರಾಂ. ಈ ಎರಡರ ಅಂತರವಾದ 59 ಕಿಲೋಗ್ರಾಂ ನೀರನ್ನು ಆವಿಯಾಗಿಸಲೇಬೇಕು.

ನೀರನ್ನು ಆವಿಯಾಗಿಸುವುದೆಂದರೆ ಅದರ ಗುಪ್ತೋಷ್ಣವನ್ನು ತೆರುವುದು. ಒಂದು ಕಿಲೋಗ್ರಾಂ ನೀರಿಗೆ ಸುಮಾರು 24 ಲಕ್ಷ ಜೂಲ್ ಶಾಖ ಬೇಕು. ಈ ಮಾನಕ್ಕೆ ತನ್ನ ಹೆಸರನ್ನು ಕೊಟ್ಟ ಜೇಮ್ಸ್ ಪ್ರೆಸ್ಕಾಟ್ ಜೂಲ್ ಇಂಗ್ಲೆಂಡಿನ ಸಾಲ್ಫರ್ಡಿನ ಬೀರು ತಯಾರಕನೊಬ್ಬನ ಮಗನೆಂಬುದನ್ನು ವಾಚಕರು ಇಲ್ಲಿ ನೆನೆಯಬಹುದು. ಶಾಖಕ್ಕೂ ಕೆಲಸಕ್ಕೂ ಇರುವ ಸಂಬಂಧವನ್ನು ಅಳೆದ ಆ ಮಹಾನುಭಾವನು ಬೆಳೆದದ್ದು ಇಂಥ ಲೆಕ್ಕಗಳು ಬದುಕಿನ ಭಾಗವಾಗಿದ್ದ ಮನೆಯಲ್ಲಿ.

ನನ್ನ ವಿದ್ಯಾರ್ಥಿಗೆ ನಾಲ್ಕೂವರೆ ಕಿಲೋಗ್ರಾಂ ಮಾಲ್ಟು ಬೇಕು. ಅದಕ್ಕಾಗಿ ಅವನು 5.4 ಕಿಲೋಗ್ರಾಂ ಬಾರ್ಲಿಯನ್ನು ನೆನೆಯಿಸಬೇಕು, 3.2 ಕಿಲೋಗ್ರಾಂ ನೀರನ್ನು ಹೊರಗಟ್ಟಬೇಕು. ಒಂದು ಜೂಲೂ ಪೋಲಾಗದಿದ್ದರೆ ಎರಡು ಯೂನಿಟ್ ವಿದ್ಯುತ್ತು ಸಾಕು. ಆದರೆ ಆವಿ ಹೋಗಲೆಂದು ಬಾಗಿಲನ್ನು ಓರೆಯಾಗಿ ತೆರೆದಿಟ್ಟ ಒಲೆಯಲ್ಲಿ ಶಾಖದ ಬಹುಭಾಗ ಕೋಣೆಯನ್ನೇ ಕಾಯಿಸುತ್ತದೆ. ನಾಲ್ಕರಲ್ಲಿ ಒಂದು ಪಾಲು ಮಾತ್ರ ಕಾಳಿಗೆ ತಾಕಿತೆಂದರೆ ಎಂಟು ಯೂನಿಟ್ಟಿಗೂ ಮೇಲಾಯಿತು.

ಇದಕ್ಕಿಂತ ದೊಡ್ಡ ತೊಡಕು ಉಷ್ಣತೆಯದು. ಒಣಗಿದ ಕಿಣ್ವವು 80 ಡಿಗ್ರಿ ಸೆಂಟಿಗ್ರೇಡನ್ನು ತಾಳಿಕೊಳ್ಳಬಲ್ಲದಾದರೂ ಹಸಿ ಕಾಳಿನಲ್ಲಿರುವ ಕಿಣ್ವ ಅಷ್ಟು ಬಿಸಿಗೆ ನಾಶವಾಗುತ್ತದೆ. ಆದುದರಿಂದ ಮೊದಲು 50 ಡಿಗ್ರಿಯ ಆಸುಪಾಸಿನಲ್ಲಿ ಬಹಳ ಗಾಳಿಯಾಡಿಸಿ ನೀರನ್ನು ತೆಗೆದು, ಅನಂತರವೇ ಬಿಸಿಯನ್ನು ಏರಿಸಬೇಕು. ಅಮೆರಿಕದ ಅನೇಕ ಮನೆಯೊಲೆಗಳು 75 ಡಿಗ್ರಿಗಿಂತ ಕೆಳಗಿಳಿಯುವುದೇ ಇಲ್ಲ. ಇದರ ಮೇಲೆ ನಾಲ್ಕೈದು ದಿನ ಕಾಳನ್ನು ತಂಪಾಗಿಟ್ಟು ಕೈಯಾಡಿಸುತ್ತಿರಬೇಕು. ಬೂಸ್ಟು ಹಿಡಿಯದಂತೆ ಕಾಯಬೇಕು. ಮೇವಿನ ಬಾರ್ಲಿಯಾದರೋ ಒಂದೇ ಸಮನೆ ಮೊಳೆಯುವುದೆಂಬ ಭರವಸೆಯಿಲ್ಲ. ಮಾಲ್ಟಿನ ಕಾರ್ಖಾನೆಯವನು ಒಂದೇ ಸಲಕ್ಕೆ ಟನ್ನುಗಟ್ಟಲೆ ಕಾಳನ್ನು ಒಣಗಿಸುತ್ತಾನೆ; ಹೊರಹೋಗುವ ಬಿಸಿಗಾಳಿಯಿಂದ ಒಳಬರುವ ತಣ್ಣನೆಯ ಗಾಳಿಯನ್ನು ಕಾಯಿಸಿಕೊಳ್ಳುತ್ತಾನೆ. ಈ ಮಿತವ್ಯಯ ಮನೆಯೊಲೆಗೆ ಎಲ್ಲಿಂದ ಬರಬೇಕು? ಕಲಿಯುವ ಸಂತೋಷಕ್ಕಾಗಿ ಒಮ್ಮೆ ಮಾಡಿ ನೋಡಬಹುದು, ಉಳಿತಾಯಕ್ಕಾಗಿ ಮಾಡತಕ್ಕದ್ದಲ್ಲ.

ಹಾಗಾದರೆ ಉಳಿತಾಯಕ್ಕೆ ದಾರಿಯೇ ಇಲ್ಲವೆ? ಇದೆ, ಆದರೆ ಅದು ತಕ್ಕಡಿಯನ್ನು ನಂಬುವವನ ಕಣ್ಣಿಗೆ ಬೀಳುವುದಿಲ್ಲ. ಹದಿನೆಂಟನೆಯ ಶತಮಾನದ ಲಂಡನ್ನಿನಲ್ಲಿ ಪೋರ್ಟರ್ ಎಂಬ ಕಪ್ಪು ಬೀರನ್ನು ತಯಾರಿಸುತ್ತಿದ್ದವರು ಕಂದು ಮಾಲ್ಟನ್ನು ಕೊಳ್ಳುತ್ತಿದ್ದರು. ಅಳತೆಗೆ ಅಳತೆ ಹೋಲಿಸಿದರೆ ಅದು ಬಿಳಿ ಮಾಲ್ಟಿಗಿಂತ ಅಗ್ಗ. 1784ರಲ್ಲಿ ಜಾನ್ ರಿಚರ್ಡ್‌ಸನ್ ಎಂಬಾತನು ಹೈಡ್ರೋಮೀಟರಿನಿಂದ ಮಾಲ್ಟಿನ ಸಾರವನ್ನು ಅಳೆಯುವ ಕ್ರಮವನ್ನು ಗ್ರಂಥರೂಪದಲ್ಲಿ ಪ್ರಕಟಿಸಿದನು. ಈ ಉಪಕರಣದಿಂದ ಅಳೆದು ನೋಡಿದಾಗ, ಹೆಚ್ಚು ಬಿಸಿಯಲ್ಲಿ ಒಣಗಿಸಿದ ಕಂದು ಮಾಲ್ಟಿನಿಂದ ದೊರೆಯುವ ಹುಳಿಯಬಲ್ಲ ಸಾರವು ಬಿಳಿಯದರ ಸುಮಾರು ಮೂರರಲ್ಲಿ ಎರಡು ಪಾಲು ಮಾತ್ರವೆಂದು ತಿಳಿದುಬಂತು. ಕಂದಿಗೆ ಹತ್ತು ನಾಣ್ಯ, ಬಿಳಿಗೆ ಹನ್ನೆರಡು ನಾಣ್ಯವೆಂದುಕೊಳ್ಳಿ. ಬಿಳಿಯದು ಹನ್ನೆರಡು ನಾಣ್ಯಕ್ಕೆ ಕೊಡುವ ಸಾರವನ್ನು ಕಂದಿನಿಂದ ಪಡೆಯಲು ಹದಿನೈದು ನಾಣ್ಯ ಬೇಕು. ಅಗ್ಗವಾದದ್ದೇ ತುಟ್ಟಿಯಾಯಿತು! ನೆಪೋಲಿಯನ್ನನ ಯುದ್ಧಗಳ ಕಾಲದಲ್ಲಿ ಮಾಲ್ಟಿನ ಮೇಲಿನ ತೆರಿಗೆ ಏರಿದಾಗ ಈ ಲೆಕ್ಕ ಇನ್ನಷ್ಟು ಬಿಗಿಯಾಯಿತು. ಕೊನೆಗೆ ಸಾರಕ್ಕೆ ಬಿಳಿ ಮಾಲ್ಟನ್ನೂ, ಬಣ್ಣಕ್ಕೆ ಡೇನಿಯಲ್ ವೀಲರನು 1817ರಲ್ಲಿ ಕಂಡುಹಿಡಿದ ಕ್ರಮದಿಂದ ಹುರಿದ ಕಪ್ಪು ಮಾಲ್ಟಿನ ಚೂರನ್ನೂ ಬಳಸುವ ಪದ್ಧತಿ ಬಂದಿತು.

ಇಂದಿನ ಹವ್ಯಾಸಿಗೂ ಪಾಠ ಇದೇ. ಕಾಳನ್ನು ಸರಿಯಾಗಿ ಒಡೆಯದೆ ಅದರ ಸಾರದಲ್ಲಿ ನೂರಕ್ಕೆ 65 ಪಾಲನ್ನು ಮಾತ್ರ ಪಡೆಯುತ್ತಿದ್ದವನು, ಒಡೆಯುವ ಉರುಳೆಗಳ ನಡುವಿನ ಅಂತರವನ್ನು ತಿದ್ದಿ, ಬಿಸಿನೀರಿನ ಉಷ್ಣತೆಯನ್ನು ಸರಿಯಾಗಿಟ್ಟು 75 ಪಾಲನ್ನು ಪಡೆದರೆ, ನಾಲ್ಕೂವರೆ ಕಿಲೋಗ್ರಾಂ ಬೇಕಾದಲ್ಲಿ 3.9 ಕಿಲೋಗ್ರಾಂ ಸಾಕಾಗುತ್ತದೆ. ಒಂದು ಯೂನಿಟ್ ವಿದ್ಯುತ್ತನ್ನೂ ಸುಡದೆ 600 ಗ್ರಾಂ ಉಳಿಯಿತು. ಇನ್ನು, ಸಣ್ಣ ಪೊಟ್ಟಣದ ಬೆಲೆಯಲ್ಲಿ ಪೊಟ್ಟಣದ, ಅಂಚೆಯ ಮತ್ತು ಒಡೆಯುವ ಕೂಲಿಯ ಪಾಲೇ ದೊಡ್ಡದು. ಒಡೆಯದ ಕಾಳು ಒಣಜಾಗದಲ್ಲಿ ತಿಂಗಳುಗಟ್ಟಲೆ ಕೆಡದಿರುವುದರಿಂದ ನಾಲ್ವರು ಹವ್ಯಾಸಿಗಳು ಸೇರಿ ಒಂದು ಮೂಟೆಯನ್ನು ಕೊಂಡು ಹಂಚಿಕೊಳ್ಳುವುದು ಜಾಣತನ.

ನನ್ನ ಅಭಿಪ್ರಾಯದಲ್ಲಿ ಅಂಗಡಿಯವನ ಕರ್ತವ್ಯವೂ ಒಂದಿದೆ. ಮಾಲ್ಟಿನ ಕಾರ್ಖಾನೆಗಳು ತೇವವೆಷ್ಟು, ಸಾರವೆಷ್ಟು, ಕಿಣ್ವದ ಶಕ್ತಿಯೆಷ್ಟು ಎಂಬುದನ್ನು ಅಳೆದೇ ದೊಡ್ಡ ತಯಾರಕರಿಗೆ ಮಾರುತ್ತವೆ. ಅಳೆದ ಅಂಕಿಗಳು ಇರುವಾಗ ಅವು ಚಿಲ್ಲರೆ ಗ್ರಾಹಕನ ಪೊಟ್ಟಣದ ಮೇಲೆಯೂ ಏಕಿರಬಾರದು? ದೊಡ್ಡವನಿಗೆ ಸಾರವನ್ನೂ ಚಿಕ್ಕವನಿಗೆ ತೂಕವನ್ನೂ ಮಾರುವುದು ನ್ಯಾಯವಲ್ಲ.

ಪತ್ರದಲ್ಲಿ ಬಂದ ಅಜ್ಜಿಯ ಮಾತನ್ನು ನಾನು ಮರೆತಿಲ್ಲ. ಇದೇ ಲೆಕ್ಕವನ್ನು ಅಜ್ಜಿಯ ರಾಗಿಗೆ ಹಾಕಿದರೆ ಉತ್ತರ ತಲೆಕೆಳಗಾಗುತ್ತದೆ! ಒಂದು ಕಿಲೋಗ್ರಾಂ ರಾಗಿಯನ್ನು ನೆನೆಯಿಸಿ ಮೊಳಕೆ ಬರಿಸಿದರೆ ಒಣಗಿಸಬೇಕಾದ ನೀರು ಅರ್ಧ ಕಿಲೋಗ್ರಾಮಿನಷ್ಟು; ಬೇಕಾದ ಶಾಖ 12 ಲಕ್ಷ ಜೂಲ್. ನಮ್ಮ ಊರಿನ ನಡುಹಗಲಿನ ಬಿಸಿಲು ಒಂದು ಚದರ ಮೀಟರು ಮಹಡಿಯ ಮೇಲೆ ಸೆಕೆಂಡಿಗೆ ಸುಮಾರು 1000 ಜೂಲ್ ಸುರಿಯುತ್ತದೆ. ಆರರಲ್ಲಿ ಐದು ಪಾಲು ವ್ಯರ್ಥವಾದರೂ ಎರಡು ಗಂಟೆಯಲ್ಲಿ ಕೆಲಸವಾಯಿತು, ಬೆಲೆ ಸೊನ್ನೆ. ರಾಗಿಗೆ ಬಾರ್ಲಿಯಂತೆ ತಂಪು ಕೋಣೆಯೂ ಬೇಡ. ನಮ್ಮ ಹವೆಯಲ್ಲಿ ಒದ್ದೆ ಬಟ್ಟೆಯ ಗಂಟಿನಲ್ಲಿ ಅದು ಎರಡೇ ದಿನಗಳಲ್ಲಿ ಮೊಳೆಯುತ್ತದೆ.

ಇದು ಕೇವಲ ಹವ್ಯಾಸದ ವಿಷಯವಲ್ಲ. ಆರು ತಿಂಗಳು ತುಂಬಿದ ಕೂಸಿಗೆ ಗಂಜಿ ಉಣಿಸುವ ತಾಯಿಯ ಕಷ್ಟವೇನೆಂದರೆ, ಹಿಟ್ಟು ಹೆಚ್ಚಿದರೆ ಗಂಜಿ ಗಟ್ಟಿಯಾಗುತ್ತದೆ, ನೀರು ಹೆಚ್ಚಿದರೆ ಆಹಾರ ಸಾಲದಾಗುತ್ತದೆ. ಕೂಸಿನ ಹೊಟ್ಟೆಯೋ ಬಲು ಚಿಕ್ಕದು. ಮೊಳೆತ ರಾಗಿಯ ಕಿಣ್ವವು ಪಿಷ್ಟವನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಗಂಜಿ ತೆಳುವಾಗಿರುತ್ತದೆ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯದ ವಿಜ್ಞಾನಿಗಳು ಮೊಳೆತ ರಾಗಿಯ ಈ ಗುಣವನ್ನು ಅಭ್ಯಾಸ ಮಾಡಿದ್ದಾರೆ. ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಅನಂತರ ಚೆನ್ನಾಗಿ ಕುದಿಸಬೇಕು. ಆದರೆ ಪುಡಿ ಮಾಡುವ ಮೊದಲು ಕಾಳನ್ನು ಕಪ್ಪೇರುವಂತೆ ಹುರಿದರೆ, ಘಮ ಬಂದೀತೇ ಹೊರತು ಕಿಣ್ವ ಉಳಿಯದು.

ಅಂಗಡಿಯಲ್ಲಿ ಮಾಲ್ಟಿನ ಡಬ್ಬಿ ಕೊಳ್ಳುವ ಮೊದಲು ಅದರ ಮೇಲೆ ಅಚ್ಚಾಗಿರುವ ಪದಾರ್ಥಗಳ ಪಟ್ಟಿಯನ್ನು ಓದಬೇಕು. ಪ್ರಮಾಣದಲ್ಲಿ ಹೆಚ್ಚಿನದು ಮೊದಲು ಬರಬೇಕೆಂಬುದು ನಿಯಮ. ಸಕ್ಕರೆಯ ಹೆಸರು ಎಷ್ಟನೆಯದೆಂದು ನೋಡಿದರೆ ನಾವು ಯಾವುದಕ್ಕೆ ಹಣ ತೆರುತ್ತಿದ್ದೇವೆಂಬುದು ತಿಳಿಯುತ್ತದೆ. ಬಿಡುವೇ ಇಲ್ಲದ ಮನೆಯವರು ಡಬ್ಬಿಯನ್ನು ಕೊಂಡರೆ ಅದು ತಪ್ಪಲ್ಲ. ಆದರೆ ಮನೆಯಲ್ಲಿ ಮಾಡಿದ್ದು ಕೀಳು, ಡಬ್ಬಿಯದು ಮೇಲು ಎಂಬ ಸಂಕೋಚದಿಂದ ಬಡ ತಾಯಿಯೊಬ್ಬಳು ಕೊಳ್ಳುವಂತಾದರೆ, ವಿಜ್ಞಾನ ಬಲ್ಲವರು ಸುಮ್ಮನಿರಬಾರದು.

ವಿದ್ಯಾರ್ಥಿಗೆ ನಾನು ಬರೆದ ಉತ್ತರ ಚಿಕ್ಕದು: "ಬಾರ್ಲಿಯ ಮಾಲ್ಟನ್ನು ಕೊಂಡುಕೋ, ಮೂಟೆಯಲ್ಲಿ ಕೊಂಡುಕೋ, ತೂಕದ ಬದಲು ಸಾರವನ್ನು ಅಳೆ. ರಾಗಿಯ ಮಾಲ್ಟನ್ನು ಮಾತ್ರ, ರಜೆಗೆ ಊರಿಗೆ ಬಂದಾಗ, ಅಜ್ಜಿ ಮಾಡಿದಂತೆ ಬಿಸಿಲಿಗೆ ಹರವಿ ನೀನೇ ಮಾಡು. ಅಜ್ಜಿಯ ಲೆಕ್ಕದಲ್ಲಿ ತಪ್ಪಿರಲಿಲ್ಲ. ಅವರ ಒಲೆ ಆಕಾಶದಲ್ಲಿತ್ತು."